ತೊಳೆದಿಟ್ಟ ಕಲ್ಲುಗಳು

ವಸ್ತುಸಂಗ್ರಹಾಲಯಗಳಲ್ಲಿ ಶಿಲಾಯುಗದ ಕಪಾಟಿನ ಮುಂದೆ ಜನ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ವಿಗ್ರಹಗಳ ಪಕ್ಕ ನಿಂತು ಫೋಟೊ ತೆಗೆಸಿಕೊಂಡವರು ಇಲ್ಲಿ ನಡೆಯುತ್ತಲೇ ಕಣ್ಣು ಹಾಯಿಸಿ ಮುಂದೆ ಹೋಗುತ್ತಾರೆ. ಅವರದೇನೂ ತಪ್ಪಿಲ್ಲ. ಗಾಜಿನ ಹಿಂದೆ ಇರುವುದು ಸಾಲಾಗಿ ಜೋಡಿಸಿದ ಚೊಕ್ಕ ಕಲ್ಲುಗಳು. ಒಂದೊಂದರ ಮೇಲೂ ಬಿಳಿ ಬಣ್ಣದ ಸಣ್ಣ ಪಟ್ಟಿ, ಅದರ ಮೇಲೆ ಕಪ್ಪು ಮಸಿಯಲ್ಲಿ ಊರಿನ ಗುರುತಿನಕ್ಷರ ಮತ್ತು ಸಂಖ್ಯೆ. ಅದು ಅಳಿಸಬಾರದೆಂದು ಮೇಲೊಂದು ವಾರ್ನಿಷ್ ಲೇಪ, ಕೆಲವು ಕಡೆ ಅಂಗಡಿಯಲ್ಲಿ ಸಿಗುವ ನೇಲ್ ಪಾಲಿಶ್. ಹುಡುಕಿದರೂ ಮಣ್ಣಿನ ಒಂದು ಕಣ ಸಿಗುವುದಿಲ್ಲ. ಈ ಚೊಕ್ಕತನದ ಮೇಲೆಯೇ ನನ್ನ ತಕರಾರು.

ಕಲ್ಲಿನ ಮೇಲೆ ನಾವು ಕೊಳೆ ಎಂದು ತಿಳಿದು ಉಜ್ಜಿ ತೆಗೆದದ್ದರಲ್ಲಿ ಆ ಕಲ್ಲಿನ ಅರ್ಧ ಕತೆ ಇತ್ತು. ಹಾಗೆ ಉಜ್ಜುವುದನ್ನು ಇವತ್ತಿಗೂ ಶಿಸ್ತು ಎಂದು ಕಲಿಸುತ್ತಿದ್ದೇವೆ. ಉತ್ಖನನದ ಶಿಬಿರಕ್ಕೆ ಹೋದ ಎಂ.ಎ. ವಿದ್ಯಾರ್ಥಿಯ ಕೈಗೆ ಮೊದಲ ದಿನ ಕೊಡುವುದು ಒಂದು ಬಕೆಟ್ ನೀರು ಮತ್ತು ಒಂದು ಹಳೆಯ ಹಲ್ಲುಜ್ಜುವ ಬ್ರಷ್. ಸುಣ್ಣದ ಹೆಪ್ಪು ಗಟ್ಟಿಯಾಗಿ ಹಿಡಿದಿದ್ದರೆ ತೆಳು ಮಾಡಿದ ಆಮ್ಲವೂ ಬರುತ್ತದೆ. ಮಾಡಿದ್ದನ್ನು ಪ್ರಶ್ನಿಸದೆ ಮುಂದಿನ ವರ್ಷದ ವಿದ್ಯಾರ್ಥಿಗೆ ಬ್ರಷ್ ದಾಟಿಸುತ್ತೇವೆ.

ಇದರಿಂದ ಹೋದದ್ದೇನು ಎಂದು ತಿಳಿಯಲು ಸೂಕ್ಷ್ಮ ಶಿಲಾಯುಧವನ್ನು ತೆಗೆದುಕೊಳ್ಳಿ. ಕಿರುಬೆರಳಿನ ಉಗುರಿನಷ್ಟು ಚೂರು. ಒಂದು ಅಂಚು ಬ್ಲೇಡಿನಂತೆ ಹರಿತ, ಇನ್ನೊಂದು ಅಂಚನ್ನು ಬೇಕೆಂದೇ ಸಣ್ಣಗೆ ಕುಟ್ಟಿ ಮೊಂಡು ಮಾಡಿರುತ್ತಾರೆ. ನಾವು ಇದನ್ನು ‘ಆಯುಧ’ ಎಂದು ಕರೆಯುತ್ತೇವೆ. ಆದರೆ ಅದನ್ನು ಹಿಡಿದು ಒಂದು ಹೀರೆಕಾಯಿ ಹೆಚ್ಚಲಿಕ್ಕೂ ಆಗುವುದಿಲ್ಲ. ಅದು ಆಯುಧದ ಒಂದು ಭಾಗ ಮಾತ್ರ. ಕೋಲೊಂದಕ್ಕೆ ಗಾಡಿ ತೋಡಿ, ಅದರಲ್ಲಿ ಇಂಥ ಚೂರುಗಳನ್ನು ಸಾಲಾಗಿ ಕೂರಿಸಿ, ಅಂಟು ಹಾಕಿ ಭದ್ರ ಮಾಡಿದಾಗ ಅದು ಬಾಣವಾಗುತ್ತದೆ, ಕುಡಗೋಲಾಗುತ್ತದೆ. ಮೊಂಡು ಮಾಡಿದ ಅಂಚು ಹೆಚ್ಚಾಗಿ ಅಂಟಿನೊಳಗೆ ಹುದುಗುವ ಅಂಚು. ಕೋಲು ಕೊಳೆಯಿತು, ಅದನ್ನು ಕಾಲ ತಿಂದಿತು. ಅಂಟು ಸ್ವಲ್ಪವಾದರೂ ಕಲ್ಲಿಗೆ ಹತ್ತಿಕೊಂಡು ಉಳಿದಿದ್ದರೆ ಅದನ್ನು ತಿಂದವರು ನಾವು.

ಎಲ್ಲ ಕಲ್ಲಿಗೂ ಈ ಮಾತು ಸಲ್ಲುವುದಿಲ್ಲ, ಅದನ್ನೂ ಹೇಳಿಬಿಡುತ್ತೇನೆ. ನಾನಿರುವ ಕಡಗಂಚಿಯಿಂದ ಕಲಬುರಗಿ, ಜೇವರ್ಗಿ, ಶಹಾಪುರ, ಸುರಪುರ ದಾಟಿ ಹೋದರೆ ಹುಣಸಗಿ–ಬೈಚಬಾಳ ಕಣಿವೆ ಸಿಗುತ್ತದೆ. ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯನವರು ದಶಕಗಳ ಕಾಲ ಕಾಲಿಟ್ಟು ನಡೆದು ಲೋಕಕ್ಕೆ ತೋರಿಸಿದ ನೆಲ ಅದು. ಅಲ್ಲಿಯ ಇಸಾಂಪುರದಲ್ಲಿ ಸುಣ್ಣಕಲ್ಲಿನ ಹಾಸಿನ ಮೇಲೆ ಕೂತು ಮನುಷ್ಯ ಪೂರ್ವಜರು ಕೈಗೊಡಲಿ ಮಾಡಿದ್ದಾರೆ. ಪ್ರಾಣಿಯ ಹಲ್ಲಿನ ಪರೀಕ್ಷೆಯಿಂದ ಬಂದ ಕಾಲ ಸುಮಾರು 12 ಲಕ್ಷ ವರ್ಷ. ಆ ಕೈಗೊಡಲಿಗಳನ್ನು ಬರಿಗೈಯಲ್ಲೇ ಹಿಡಿಯುತ್ತಿದ್ದರು. ಅವುಗಳಲ್ಲಿ ಅಂಟು ಹುಡುಕುವವರು ಹುಡುಕುತ್ತಲೇ ಇರಬೇಕಾದೀತು. ನನ್ನ ಮಾತು ಇರುವುದು ಬಹಳ ಈಚಿನ, ಹಿಡಿಕೆ ಹಾಕಿ ಬಳಸಿದ ಕಲ್ಲುಗಳ ಬಗ್ಗೆ: ಮಧ್ಯ ಹಳೆ ಶಿಲಾಯುಗದ ಮೊನೆಗಳು, ಸೂಕ್ಷ್ಮ ಶಿಲಾಯುಧಗಳು, ನವಶಿಲಾಯುಗದ ಅಲಗುಗಳು. ನಮ್ಮ ಗಡಿಯಾಚೆಗೇ, ಕರ್ನೂಲು ಸೀಮೆಯ ಜ್ವಾಲಾಪುರದ ಕಲ್ಲಾಸರೆಯಲ್ಲಿ ಸೂಕ್ಷ್ಮ ಶಿಲಾಯುಧಗಳ ಸರಣಿ ಸುಮಾರು 35,000 ವರ್ಷ ಹಿಂದಕ್ಕೆ ಹೋಗುತ್ತದೆ. ಧಾರವಾಡದ ರವಿ ಕೋರಿಶೆಟ್ಟರ್ ಕೂಡ ಸೇರಿದ ತಂಡ 2009ರಲ್ಲಿ ಇದನ್ನು ಪ್ರಕಟಿಸಿತು. ಅಷ್ಟು ಸಾವಿರ ವರ್ಷ ಇಲ್ಲಿಯ ಜನ ಕಲ್ಲನ್ನು ಕಟ್ಟಿಗೆಗೆ ಅಂಟಿಸುತ್ತ ಬಂದಿದ್ದಾರೆ ಎಂದಾದರೆ, ಏನನ್ನು ಹಚ್ಚಿ ಅಂಟಿಸಿದರು ಎಂದು ಕೇಳುವುದು ಬೇಡವೇ?

ಎರಡು ವರ್ಷದ ಹಿಂದೆ ಒಂದು ಸಂಗ್ರಹದ ಉಗ್ರಾಣಕ್ಕೆ ಹೋಗಿದ್ದೆ. ಯಾವುದೆಂದು ಹೇಳುವುದು ಬೇಡ, ಅಲ್ಲಿಯವರು ಒಳ್ಳೆಯವರು, ಚಹಾ ಕೊಟ್ಟರು. ತೊಳೆಯದೆ ಇಟ್ಟ ಕಲ್ಲುಗಳ ಒಂದಾದರೂ ಪೆಟ್ಟಿಗೆ ಇದೆಯೇ ಎಂದು ಕೇಳಿದೆ. ಉಗ್ರಾಣ ನೋಡಿಕೊಳ್ಳುವ ಹಿರಿಯರಿಗೆ ನಾನು ದೂರು ಹೇಳಲು ಬಂದಿದ್ದೇನೆ ಅನ್ನಿಸಿತೋ ಏನೋ. “ಛೇ ಛೇ, ಹಂಗೆಲ್ಲ ಇಡಂಗಿಲ್ರಿ ಮೇಡಂ. ಎಲ್ಲಾ ತೊಳದು ಚೊಕ್ಕ ಮಾಡೇ ಇಟ್ಟೀವಿ. ಒಂದ್ ಕಣಾ ಮಣ್ಣ ಸಿಕ್ರ ಕೇಳ್ರಿ” ಅಂದರು. ಅವರ ದನಿಯಲ್ಲಿ ಹೆಮ್ಮೆ ಇತ್ತು. ಅವರು ತಮಗೆ ಹೇಳಿದ ಕೆಲಸವನ್ನು ಶ್ರದ್ಧೆಯಿಂದ ಮಾಡಿದ್ದರು. ಹಾಗೆ ಹೇಳಿದವರನ್ನು ಕೇಳಬೇಕು.

ತೊಳೆಯದೆ ಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಬರ್ಲಿನ್ನಿನ ಉದಾಹರಣೆ ಇದೆ. ಫ್ರಾನ್ಸಿನ ಲ ಮುಸ್ತಿಯೆ ಎಂಬಲ್ಲಿ 20ನೇ ಶತಮಾನದ ಆರಂಭದಲ್ಲಿ ಅಗೆದ, ನಿಯಾಂಡರ್ತಲ್ ಮನುಷ್ಯರ ಕಲ್ಲುಗಳು ಅಲ್ಲಿಯ ವಸ್ತುಸಂಗ್ರಹಾಲಯಕ್ಕೆ ಬಂದಿದ್ದವು. ಒಂದೊಂದನ್ನೂ ಬೇರೆ ಬೇರೆ ಸುತ್ತಿಟ್ಟಿದ್ದರು. 1960ರ ದಶಕದಿಂದ ಯಾರೂ ಮುಟ್ಟಿರಲಿಲ್ಲ. ಸಂಗ್ರಹದ ಪಟ್ಟಿಯನ್ನು ಮತ್ತೆ ಪರಿಶೀಲಿಸುವಾಗ ಬಿಚ್ಚಿದರೆ ಐದು ಕಲ್ಲುಗಳ ಮೇಲೆ ಕೆಂಪು, ಹಳದಿ, ಕಪ್ಪು ಕಲೆಗಳು. ಪರೀಕ್ಷೆ ಮಾಡಿ 2024ರಲ್ಲಿ ಪ್ರಕಟಿಸಿದರು: ಅದು ಬಿಟುಮೆನ್, ಅಂದರೆ ನೆಲದಲ್ಲಿ ಸಿಗುವ ಡಾಂಬರು, ಮತ್ತು ಕಾವಿಯ ಮಿಶ್ರಣ. ಕಾವಿಯ ಪಾಲು ಅರ್ಧಕ್ಕಿಂತ ಹೆಚ್ಚು. ಸಂಶೋಧಕರು ಅದೇ ಅಳತೆಯಲ್ಲಿ ಕಲಸಿ ನೋಡಿದಾಗ ಸಿಕ್ಕಿದ್ದು ಕಲ್ಲಿಗೆ ಹತ್ತಿಕೊಳ್ಳುವ ಆದರೆ ಕೈಗೆ ಮೆತ್ತದ ಒಂದು ಮುದ್ದೆ. ಹಿಡಿಕೆಯಾಗಿ ಹಿಡಿಯಲು ಹೇಳಿ ಮಾಡಿಸಿದಂತೆ ಇತ್ತು. ಇಷ್ಟು ದೊಡ್ಡ ಸಂಗತಿ ಉಳಿದದ್ದು ಯಾರ ಜಾಣತನದಿಂದಲೂ ಅಲ್ಲ. ಮರೆವಿನಿಂದ! ನಮ್ಮಲ್ಲಿ ಸಂಗ್ರಹಗಳನ್ನು ಮರೆಯುವವರಿಗೆ ಕೊರತೆಯಿಲ್ಲ. ಆದರೆ ನಾವು ತೊಳೆದು ಮರೆಯುತ್ತೇವೆ.

ಇಟಲಿಯ ಕಾಂಪಿಟೆಲ್ಲೊದಲ್ಲಿ ಸುಮಾರು 2 ಲಕ್ಷ ವರ್ಷದ ಕಲ್ಲುಚೂರುಗಳಿಗೆ ಬರ್ಚ್ ಮರದ ತೊಗಟೆಯ ಟಾರು ಹತ್ತಿಕೊಂಡಿತ್ತು. ಜರ್ಮನಿಯ ಕೋನಿಗ್ಸೌವದಲ್ಲಿ 1963ರಲ್ಲಿ ಸಿಕ್ಕ ಅದೇ ಟಾರಿನ ತುಂಡಿನ ಮೇಲೆ ನಿಯಾಂಡರ್ತಲ್ ಒಬ್ಬರ ಬೆರಳಚ್ಚು ಇದೆ. ಡೆನ್ಮಾರ್ಕಿನಲ್ಲಿ 5,700 ವರ್ಷದ ಹಿಂದೆ ಯಾರೋ ಜಗಿದು ಉಗುಳಿದ ಇಂಥದೇ ಒಂದು ಮುದ್ದೆಯಿಂದ 2019ರಲ್ಲಿ ಒಬ್ಬ ಹೆಣ್ಣಿನ ಸಂಪೂರ್ಣ ವಂಶವಾಹಿಯನ್ನೇ ಓದಿದರು. ಅವಳು ತಿಂದ ಬಾತುಕೋಳಿಯ ಗುರುತೂ ಅದರಲ್ಲಿತ್ತು. ಇದನ್ನೆಲ್ಲ ನಮ್ಮ ಪತ್ರಿಕೆಗಳು ವಿಜ್ಞಾನದ ಅಂಕಣದಲ್ಲಿ ಬೆರಗಿನಿಂದ ಬರೆಯುತ್ತವೆ. ನಮ್ಮ ಕಲ್ಲುಗಳ ಸರದಿ ಬಂದಾಗ ಮಾತ್ರ ಸುದ್ದಿ ಒಂದೇ: ಇದು ಎಷ್ಟು ಹಳೆಯದು, ಪಕ್ಕದ ರಾಜ್ಯದ್ದಕ್ಕಿಂತ ಹಳೆಯದೋ ಅಲ್ಲವೋ. ವಯಸ್ಸು ಬಿಟ್ಟು ಬೇರೇನನ್ನೂ ಕೇಳದಿರುವುದು ನಮಗೆ ಅಂಟಿದ ರೋಗ.

ಯುರೋಪಿನವರಿಗೆ ಬರ್ಚ್ ಇತ್ತು, ನಮ್ಮವರಿಗೆ ಏನಿತ್ತು? ಇದಕ್ಕೆ ಉತ್ತರ ಹುಡುಕಲು ನಾನು ಮೊದಲು ಹೋಗಬೇಕಾದದ್ದು ಗ್ರಂಥಾಲಯಕ್ಕಲ್ಲ, ಅಡುಗೆಮನೆಗೆ. ನಮ್ಮ ಕಡೆ ಬಾಣಂತಿಯರಿಗೆ ಅಂಟಿನ ಉಂಡಿ ಕಟ್ಟುತ್ತಾರಲ್ಲ, ಆ ಅಂಟು ಮರದ ಗೋಂದು. ತುಪ್ಪದಲ್ಲಿ ಹಾಕಿದರೆ ಅರಳುತ್ತದೆ, ನೀರಿನಲ್ಲಿ ಹಾಕಿದರೆ ನೆನೆದು ಲೋಳೆಯಾಗುತ್ತದೆ. ಹೊಲದ ಬದುವಿನ ಜಾಲಿಯ ತೊಗಟೆಗೆ ಗಾಯವಾದರೆ ಸುರಿಯುವುದು ಇಂಥದೇ ಅಂಟು. ಬೇವಿನಿಂದಲೂ ಸುರಿಯುತ್ತದೆ, ಮುತ್ತುಗದಿಂದಲೂ. ಮುತ್ತುಗ, ಬೋರೆ ಗಿಡಗಳ ಮೇಲೆ ಅರಗಿನ ಹುಳು ಕೂತರೆ ಅರಗು. ಇದರ ಜೊತೆಗೆ ಜೇನುಮೇಣ, ಕಾಡಿನ ಧೂಪದ ಮರದ ರಾಳ. ಚಾಕುವಿನ ಬಾಲವನ್ನು ಕಾಯಿಸಿ, ಅರಗಿನ ಪುಡಿ ತುಂಬಿದ ಹಿಡಿಕೆಯ ತೂತಿಗೆ ಇಳಿಸಿ ಕೂರಿಸುವ ಪದ್ಧತಿ ನಮ್ಮ ದೇಶದಲ್ಲಿ ಬಹಳ ಕಾಲ ನಡೆದುಬಂದಿದೆ. ಪೊಳ್ಳು ಒಡವೆಯೊಳಗೆ ಅಕ್ಕಸಾಲಿಗ ಅರಗು ತುಂಬುತ್ತಾನೆ, ಚನ್ನಪಟ್ಟಣದ ಬೊಂಬೆಗೆ ಹೊಳಪು ಬರುವುದು ಅರಗಿನಿಂದ. ಸಾಹಿತ್ಯದ ವಿದ್ಯಾರ್ಥಿಗಳಾದ ನಾವು ಅರಗು ಎಂದ ಕೂಡಲೇ ಪಾಂಡವರ ಅರಗಿನ ಮನೆಯನ್ನು ನೆನೆಯುತ್ತೇವೆ. ಅಂದರೆ ಅದು ಉರಿಯುವುದನ್ನು ನೆನಪಿಟ್ಟಿದ್ದೇವೆ, ಅಂಟುವುದನ್ನು ಮರೆತಿದ್ದೇವೆ.

ಈಗ ರಸಾಯನಶಾಸ್ತ್ರದ ಕಡೆಯಿಂದ ಈ ಪಟ್ಟಿಯನ್ನು ನೋಡಿ. ಜಾಲಿಯ ಗೋಂದು ಸಕ್ಕರೆಗಳ ದೊಡ್ಡ ಸರಪಳಿ. ಪರೀಕ್ಷೆಯಲ್ಲಿ ಅರಾಬಿನೋಸ್, ಗ್ಯಾಲಕ್ಟೋಸ್ ಎಂಬ ಸಕ್ಕರೆಗಳು ಕಾಣುತ್ತವೆ. ಅರಗಿನಲ್ಲಿ ಅಲ್ಯುರಿಟಿಕ್ ಆಮ್ಲ ಇರುತ್ತದೆ, ಅದು ಅರಗಿನ ಹೆಬ್ಬೆಟ್ಟು ಇದ್ದಂತೆ. ಜೇನುಮೇಣಕ್ಕೆ ಅದರದೇ ಉದ್ದನೆಯ ಎಸ್ಟರ್‌ಗಳ ಸಾಲು. ಧೂಪದ ರಾಳದಲ್ಲಿ ಬಾಸ್ವೆಲಿಕ್ ಆಮ್ಲಗಳು. ಗುಲಗಂಜಿಗಿಂತ ಕಡಿಮೆ ಶೇಷ ಸಿಕ್ಕರೂ ಗ್ಯಾಸ್ ಕ್ರೊಮ್ಯಾಟೋಗ್ರಫಿ ಮತ್ತು ಮಾಸ್ ಸ್ಪೆಕ್ಟ್ರೊಮೆಟ್ರಿ ಜೋಡಿಸಿದ ಯಂತ್ರ ಅದರ ಅಣುಗಳನ್ನು ಬಿಡಿಸಿ, ಒಂದೊಂದರ ತೂಕ ಹೇಳಿ, ಯಾವುದು ಯಾವುದೆಂದು ಸೂಚಿಸುತ್ತದೆ. ಇವುಗಳಲ್ಲಿ ಗೋಂದು ನೀರಿನಲ್ಲಿ ಕರಗುತ್ತದೆ. ಅರಗು ಬರಿ ನೀರಿಗೆ ಜಗ್ಗುವುದಿಲ್ಲ, ಸೋಡಾ ಹಾಕಿದ ನೀರಿಗೆ ಜಗ್ಗುತ್ತದೆ. ಅಂಟಿನ ಉಂಡಿ ತಿಂದ ಯಾವ ಮಗುವಿಗೂ ಗೊತ್ತಿರುವ ಸಂಗತಿ ನಮ್ಮ ಉತ್ಖನನದ ಕೈಪಿಡಿಗಳಿಗೆ ಗೊತ್ತಿಲ್ಲದೆ ಹೋಯಿತೇ? ನಮ್ಮ ನೆಲದಲ್ಲಿ ಬಳಕೆಯಾಗಿರುವ ಸಾಧ್ಯತೆ ಹೆಚ್ಚಿರುವ ಅಂಟನ್ನು ಮೊದಲು ತೆಗೆದುಹಾಕುವ ವಸ್ತು ಯಾವುದೋ ಅದನ್ನೇ ಬಕೆಟ್ಟಿನಲ್ಲಿ ತುಂಬಿಕೊಂಡು ಕೂತಿದ್ದೇವೆ.

ದಕ್ಷಿಣ ಆಫ್ರಿಕಾದ ಸಿಬುಡು ಗುಹೆಯಲ್ಲಿ ಲಿನ್ ವಾಡ್ಲಿ ಮತ್ತು ಸಂಗಡಿಗರು ಸುಮಾರು 70,000 ವರ್ಷದ ಕಲ್ಲುಗಳ ಮೇಲೆ ಕಂಡದ್ದು ಗೋಂದು ಮತ್ತು ಕಾವಿಯ ಶೇಷ. 2009ರಲ್ಲಿ ಪ್ರಕಟವಾದ ಅವರ ಪ್ರಯೋಗಗಳಲ್ಲಿ ಬಳಸಿದ್ದು ನಮ್ಮ ಜಾಲಿಯ ಬಂಧುವಾದ ಅಕೇಶಿಯಾ ಮರದ ಗೋಂದು. ಬರಿ ಗೋಂದು ಒಣಗಿದರೆ ಬಿರುಕು ಬಿಡುತ್ತದೆ, ತೇವ ತಾಗಿದರೆ ಸಡಿಲಾಗುತ್ತದೆ. ಕಾವಿ ಬೆರೆಸಿ ಬೆಂಕಿಯ ಹತ್ತಿರ ಹದವಾಗಿ ಒಣಗಿಸಿದರೆ ಗಟ್ಟಿಯಾಗುತ್ತದೆ. ಬೆಂಕಿಗೆ ಹೆಚ್ಚು ಹತ್ತಿರವಾದರೆ ಗುಳ್ಳೆ ಎದ್ದು ಕೆಡುತ್ತದೆ. ಅಂಡಮಾನಿನ ಆದಿವಾಸಿಗಳು ಬಾಣ ಬಿಗಿಯಲು ಜೇನುಮೇಣ ಮತ್ತು ರಾಳ ಬೆರೆಸುತ್ತಿದ್ದುದನ್ನು 19ನೇ ಶತಮಾನದಲ್ಲೇ ದಾಖಲಿಸಿದ್ದಾರೆ. ಬಲೂಚಿಸ್ತಾನದ ಮೆಹರ್‌ಗಢದಲ್ಲಿ ಬಿಟುಮೆನ್ನಿನಲ್ಲಿ ಸಾಲಾಗಿ ಕೂರಿಸಿದ ಕಲ್ಲಲಗುಗಳ ಕುಡಗೋಲು ಸಿಕ್ಕಿದೆ. ಅಂಟು ನಮ್ಮ ಉಪಖಂಡಕ್ಕೆ ಹೊರಗಿನ ವಿಷಯವೇನಲ್ಲ.

ಇಲ್ಲಿಗೆ ಬಂದಾಗ ಹಿರಿಯರು ಒಂದು ಮಾತು ಹೇಳುತ್ತಾರೆ. ವಿಚಾರಸಂಕಿರಣಗಳಲ್ಲಿ ಪ್ರತಿ ಸಲವೂ ಕೇಳಿದ್ದೇನೆ, ಕೆಲವೊಮ್ಮೆ ಅದೇ ಶಬ್ದಗಳಲ್ಲಿ. ನಮ್ಮದು ಉಷ್ಣ ದೇಶ. ಬೇಸಿಗೆಯಲ್ಲಿ ನೆಲ ಬಿರಿಯುತ್ತದೆ, ಮಳೆಗಾಲದಲ್ಲಿ ಎರೆಮಣ್ಣು ಉಬ್ಬಿ ಎಲ್ಲವನ್ನೂ ಅರೆಯುತ್ತದೆ, ಸೂಕ್ಷ್ಮಜೀವಿಗಳು ಏನನ್ನೂ ಉಳಿಸುವುದಿಲ್ಲ. ಇಲ್ಲಿ ಏನೂ ಸಿಗುವುದಿಲ್ಲಮ್ಮ, ಸುಮ್ಮನೆ ವರ್ಷ ಕಳೆಯಬೇಡ.

ಇದರಲ್ಲಿ ಸತ್ಯವಿದೆ. ಉಳುವಾಗ ಮೇಲೆದ್ದ, ನೂರಾರು ಮಳೆ ತಿಂದ ಚೂರಿನಲ್ಲಿ ಗೋಂದು ಸಿಕ್ಕೀತು ಎಂದು ನಾನೂ ನಂಬುವುದಿಲ್ಲ. ಆದರೆ ನಮ್ಮ ನೆಲವೆಂದರೆ ಬರೀ ಎರೆಹೊಲವೇ? ಕಲ್ಲಾಸರೆಯ ಒಣ ಮೂಲೆ ಇದೆ, ಸುಣ್ಣದ ಹೆಪ್ಪಿನೊಳಗೆ ಹುದುಗಿದ ಪದರ ಇದೆ, ಬೂದಿಗುಡ್ಡದ ಒಡಲಿದೆ. ಹುಡುಕದೆ ‘ಸಿಗುವುದಿಲ್ಲ’ ಎನ್ನುವುದಕ್ಕೂ, ಹುಡುಕಿ ‘ಸಿಗಲಿಲ್ಲ’ ಎನ್ನುವುದಕ್ಕೂ ವ್ಯತ್ಯಾಸವಿದೆ. ಎರಡನೆಯದು ಫಲಿತಾಂಶ. ಮೊದಲನೆಯದು ಸೋಮಾರಿತನ.

ಇದೇ ಮಾತನ್ನು ಬೇರೆ ವಿಷಯದಲ್ಲಿ ಆಡಿ ಸೋತ ಅನುಭವ ನಮ್ಮ ಕ್ಷೇತ್ರಕ್ಕಿದೆ. ಅಗೆದ ಮಣ್ಣನ್ನು ಜರಡಿ ಹಿಡಿದು ಹೊರಗೆ ಸುರಿಯುವುದು ಬಹುಕಾಲದ ರೂಢಿ. ಸಂಗನಕಲ್ಲು, ತೆಕ್ಕಲಕೋಟೆ, ಹಳ್ಳೂರುಗಳಲ್ಲಿ ಡೋರಿಯನ್ ಫುಲ್ಲರ್, ಕೋರಿಶೆಟ್ಟರ್ ಮುಂತಾದವರು ಆ ಮಣ್ಣನ್ನು ನೀರಿನಲ್ಲಿ ಕದಡಿ, ತೇಲಿ ಬಂದ ಸುಟ್ಟ ಕಾಳುಗಳನ್ನು ಸೋಸಿ ನೋಡಿದರು. 2004ರಲ್ಲಿ ಪ್ರಕಟವಾದ ಅವರ ಕೆಲಸದಿಂದ ನವಶಿಲಾಯುಗದ ದಕ್ಷಿಣದ ಊಟ ಕಣ್ಣೆದುರು ಬಂತು: ಹುರುಳಿ, ಹೆಸರು, ಕೊರಲೆ. ದಕ್ಷಿಣ ಭಾರತದಲ್ಲಿ ಬೇಸಾಯ ಸ್ವಂತವಾಗಿ ಬೇರೂರಿತೇ ಎಂಬ ಚರ್ಚೆಗೆ ಬಲ ಬಂದದ್ದು ಆ ಕಾಳುಗಳಿಂದ. (ಅಲ್ಲಿ ನೀರು ಉಪಕಾರ ಮಾಡಿತು ಎಂದು ಯಾರಾದರೂ ಅಂದಾರು. ಹೌದು. ಪ್ರಶ್ನೆ ಕೇಳಿ ಬಳಸಿದ ನೀರು ಅದು.) ಹರಪ್ಪಾ ಕಾಲದ ಮಡಕೆಗಳ ವಿಷಯದಲ್ಲೂ ಕೊಬ್ಬಿನ ಶೇಷ ನಮ್ಮ ಹವೆಯಲ್ಲಿ ಎಲ್ಲಿ ಉಳಿದೀತು ಎನ್ನಬಹುದಿತ್ತು. ಅಕ್ಷೇತಾ ಸೂರ್ಯನಾರಾಯಣ್ ಮತ್ತು ಸಂಗಡಿಗರು ವಾಯವ್ಯ ಭಾರತದ ಮಡಕೆ ಚೂರುಗಳಲ್ಲಿ ಅದನ್ನು ಹುಡುಕಿ ತೆಗೆದರು. ಕಡಿಮೆ ಇತ್ತು, ಆದರೆ ಇತ್ತು.

ಇನ್ನೂ ಹತ್ತಿರದ ಉದಾಹರಣೆ ಬೂದಿಗುಡ್ಡಗಳದ್ದೇ. ಹಂಪಿಯ ಬಳಿಯ ನಿಂಬಾಪುರದ ದಿಬ್ಬವನ್ನು ಜನ ವಾಲಿಯನ್ನು ಸುಟ್ಟ ಜಾಗ ಎನ್ನುತ್ತ ಬಂದಿದ್ದಾರೆ. 19ನೇ ಶತಮಾನದ ಅಧಿಕಾರಿಗಳು ತಮ್ಮ ತಮ್ಮ ಊಹೆ ಬರೆದರು. ರಾಬರ್ಟ್ ಬ್ರೂಸ್ ಫೂಟ್ ದನದ ಸಗಣಿ ಇರಬೇಕೆಂದರು. ಮಾತಿನಲ್ಲಿ ಮುಗಿಯದ ಆ ಜಗಳ ತಿಳಿಯಾದದ್ದು ರೇಮಂಡ್ ಆಲ್ಚಿನ್ ಉತ್ನೂರಿನಲ್ಲಿ ಅಗೆದಾಗ ಮತ್ತು ಬಳ್ಳಾರಿ ಸೀಮೆಯ ಬೂದಿಯನ್ನು ಝಾಯ್ನರ್ ಪ್ರಯೋಗಾಲಯದಲ್ಲಿ ಪರೀಕ್ಷಿಸಿ 1960ರಲ್ಲಿ ಅದು ಸುಟ್ಟ ಸಗಣಿಯೇ ಎಂದು ತೋರಿಸಿದಾಗ. ಆ ಬೂದಿಯನ್ನು ಕೊಳೆ ಎಂದು ಗುಡಿಸಿ ಹಾಕಿದ್ದರೆ? ಸುರಪುರ ಸೀಮೆಯ ಬೂದಿಹಾಳದಲ್ಲಿ ಪದ್ದಯ್ಯನವರ ತಂಡ ನವಶಿಲಾಯುಗದ ಜನ ದನ ಕಡಿದು ಪಾಲು ಮಾಡಿದ ನೆಲವನ್ನೇ ತೆರೆದಿಟ್ಟಿತು. ಮಾಂಸ ಕೊಯ್ದ ನೆಲವೊಂದು ಅಷ್ಟು ಕಾಲ ಉಳಿದಿರುವ ಸೀಮೆಯಲ್ಲಿ, ಕೊಯ್ದ ಅಲಗಿನ ಬೆನ್ನಿಗೆ ಹತ್ತಿದ ಅರಗು ಉಳಿದಿರಲಾರದು ಎಂದು ನೋಡದೆಯೇ ತೀರ್ಪು ಕೊಡುವ ಧೈರ್ಯ ನನಗಿಲ್ಲ.

ಅಂಟಿನ ಹೆಸರಿನಲ್ಲಿ ಹಾರಾಡುವವರ ಪಕ್ಷವೂ ನನ್ನದಲ್ಲ. ಬರ್ಚ್ ಟಾರು ಸಿಕ್ಕಿದೊಡನೆ ಕೆಲವರು ನಿಯಾಂಡರ್ತಲ್ ಮನುಷ್ಯನಿಗೆ ಯೋಜನಾಶಕ್ತಿ, ಭಾಷೆ ಎಲ್ಲವನ್ನೂ ಕೊಟ್ಟುಬಿಟ್ಟರು. 2019ರಲ್ಲಿ ಪ್ಯಾಟ್ರಿಕ್ ಶ್ಮಿಟ್ ತಂಡ ಕಲ್ಲಿನ ಪಕ್ಕ ಬರ್ಚ್ ತೊಗಟೆ ಉರಿಸಿದರೆ ಟಾರು ತಾನಾಗಿ ಕಲ್ಲಿಗೆ ಮೆತ್ತಿಕೊಳ್ಳುತ್ತದೆ, ಕೆರೆದು ತೆಗೆದರೆ ಸಾಕು ಎಂದು ತೋರಿಸಿ ಆ ಉತ್ಸಾಹಕ್ಕೆ ನೀರೆರಚಿತು. ನಾಲ್ಕು ವರ್ಷದ ನಂತರ ಅದೇ ಶ್ಮಿಟ್ ತಂಡ ಕೋನಿಗ್ಸೌವದ ತುಂಡುಗಳ ರಸಾಯನ ನೋಡಿ, ಇವನ್ನು ಮಾತ್ರ ನೆಲದೊಳಗೆ ಗಾಳಿಯಾಡದಂತೆ ಬೇಯಿಸಿ ತೆಗೆದಿದ್ದಾರೆ ಎಂದಿತು. ವಾದ ಹೀಗೆ ನಡೆಯಬೇಕು. ಅವರು ವಾದ ಮಾಡಲು ಅವರ ಬಳಿ ತುಂಡು ಉಳಿದಿತ್ತು.

ಶೇಷ ಮೋಸವನ್ನೂ ಮಾಡುತ್ತದೆ. ಕಪ್ಪಗೆ ಕಂಡದ್ದೆಲ್ಲ ಅಂಟಲ್ಲ, ಎಷ್ಟೋ ಸಲ ಅದು ಮಣ್ಣಿನ ಮ್ಯಾಂಗನೀಸ್. ಬರಿಗೈಯಲ್ಲಿ ಮುಟ್ಟಿದರೆ ಬೆರಳಿನ ಜಿಡ್ಡು ಯಂತ್ರದಲ್ಲಿ ಕಾಣುತ್ತದೆ, ಪ್ಲಾಸ್ಟಿಕ್ ಚೀಲದಲ್ಲಿಟ್ಟರೆ ಪ್ಲಾಸ್ಟಿಕ್ಕಿನ ರಾಸಾಯನಿಕ ಕಾಣುತ್ತದೆ. ಕಲ್ಲಿನ ಜೊತೆಗೆ ಅದರ ಸುತ್ತಲಿನ ಮಣ್ಣನ್ನೂ ಪರೀಕ್ಷಿಸದಿದ್ದರೆ ಯಾವ ತೀರ್ಮಾನವೂ ನಿಲ್ಲುವುದಿಲ್ಲ. ಇನ್ನೊಂದು ತೊಡಕು ಇದಕ್ಕಿಂತ ದೊಡ್ಡದು. ಯಂತ್ರ ತನಗೆ ಪರಿಚಯವಿರುವ ಅಣುಗಳನ್ನು ಮಾತ್ರ ಹೆಸರಿಟ್ಟು ಕರೆಯುತ್ತದೆ. ಯುರೋಪಿನ ಪಟ್ಟಿಯಲ್ಲಿ ಬರ್ಚ್, ಪೈನ್‌ಗಳದ್ದೇ ಕಾರುಬಾರು. ಜಾಲಿ, ಬೇವು, ಮುತ್ತುಗ, ಧೂಪ, ಅರಗು ಇವುಗಳ ಹೊಸ ಅಂಟು, ಸುಟ್ಟ ಅಂಟು, ಹೂತು ಹಳೆಯದಾದ ಅಂಟು, ಎಲ್ಲದರ ಗುರುತನ್ನು ನಾವೇ ಬರೆದಿಡಬೇಕು. ಬೇರೆ ಯಾರೂ ನಮಗಾಗಿ ಜಾಲಿ ಕೆತ್ತಲು ಬರುವುದಿಲ್ಲ.

ಇದು ಒಬ್ಬರ ಕೈಯಲ್ಲಿ ಆಗುವ ಕೆಲಸವಲ್ಲ. ನಮ್ಮ ವಿಶ್ವವಿದ್ಯಾಲಯಗಳಲ್ಲಿ ಇತಿಹಾಸ ವಿಭಾಗ ಒಂದು ಕಟ್ಟಡದಲ್ಲಿ, ರಸಾಯನಶಾಸ್ತ್ರ ಇನ್ನೊಂದರಲ್ಲಿ. ನಡುವೆ ಇರುವುದು ಐದು ನಿಮಿಷದ ದಾರಿ. ಅದನ್ನು ದಾಟಿ ಹೋಗಿ “ಸರ್, ಒಂದು ಕಲ್ಲಿನ ಮೇಲಿನ ಕಲೆ ನೋಡಿಕೊಡ್ತೀರಾ” ಎಂದು ಕೇಳಿದಾಗ ಅವರಿಗೆ ಅದು ಪ್ರಬಂಧವಾಗುವ ವಿಷಯ ಅನ್ನಿಸುವುದಿಲ್ಲ, ಇವರಿಗೆ ಇತಿಹಾಸ ಅನ್ನಿಸುವುದಿಲ್ಲ. ಬಡಿಗರು, ಕಮ್ಮಾರರು, ಅಕ್ಕಸಾಲಿಗರು ಎರಡೂ ಕಟ್ಟಡದ ಹೊರಗೆ. ಅರಗು ಎಷ್ಟು ಕಾಯಿಸಿದರೆ ಹಿಡಿಯುತ್ತದೆ, ಎಷ್ಟು ಕಾಯಿಸಿದರೆ ಸತ್ತುಹೋಗುತ್ತದೆ ಎಂಬುದನ್ನು ಬೆರಳ ತುದಿಯಲ್ಲಿ ಇಟ್ಟುಕೊಂಡವರನ್ನು ನಾವು ‘ಮಾಹಿತಿದಾರರು’ ಎಂದು ಅಡಿಟಿಪ್ಪಣಿಗೆ ತಳ್ಳುತ್ತೇವೆ.

ಅವಸರ ಯಾಕೆಂದರೆ ನೆಲ ಕಾಯುವುದಿಲ್ಲ. ಕೃಷ್ಣೆಯ ಕಾಲುವೆ ಬಂದ ಮೇಲೆ ಹುಣಸಗಿ ಸುತ್ತಿನ ದಿಬ್ಬಗಳನ್ನು ಸಮ ಮಾಡಿ ಭತ್ತದ ಗದ್ದೆ ಮಾಡಿದ್ದಾರೆ. ನೀರು ಬಂದದ್ದಕ್ಕೆ ಹೊಟ್ಟೆಕಿಚ್ಚು ಪಡುವ ಹಕ್ಕು ಈ ಬರದ ಸೀಮೆಯಲ್ಲಿ ಯಾವ ಸಂಶೋಧಕನಿಗೂ ಇಲ್ಲ. ಆದರೆ ಗದ್ದೆಯಾದ ಜಾಗದಲ್ಲಿ ಮತ್ತೆ ಅಗೆಯಲು ಏನೂ ಉಳಿದಿರುವುದಿಲ್ಲ. ಅಲ್ಲಿಂದ ಎತ್ತಿಟ್ಟ ಪೆಟ್ಟಿಗೆಯೇ ಕೊನೆಯ ಸಾಕ್ಷಿ, ಅದನ್ನೂ ತೊಳೆದಿಟ್ಟಿದ್ದೇವೆ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರು ಎನ್ನುವ ಹಾಗಾಗಬಾರದೆಂದರೆ ಇನ್ನೂ ಅಗೆಯದ ಜಾಗಗಳಲ್ಲಾದರೂ ರೀತಿ ಬದಲಾಗಬೇಕು.

ನಾನು ಕೇಳುವುದು ಕೋಟಿ ರೂಪಾಯಿಯ ಯಂತ್ರವಲ್ಲ. ಪ್ರತಿ ಪದರದಿಂದ ಬಂದ ಹಿಡಿಕೆ ಹಾಕುವಂಥ ಕಲ್ಲುಗಳಲ್ಲಿ ಹತ್ತಕ್ಕೆ ಒಂದನ್ನಾದರೂ ತೊಳೆಯದೆ, ಗ್ಲೌಸ್ ಹಾಕಿದ ಕೈಯಿಂದ ತೆಗೆದು, ಅಲ್ಯೂಮಿನಿಯಂ ಹಾಳೆಯಲ್ಲಿ ಸುತ್ತಿ, ಜೊತೆಗೆ ಒಂದು ಹಿಡಿ ಅಲ್ಲಿಯದೇ ಮಣ್ಣು ಇಡಿ. ಆ ಕಲ್ಲಿನ ಮೇಲೆ ಸಂಖ್ಯೆ ಬರೆಯಬೇಡಿ, ಸುತ್ತಿದ ಹಾಳೆಯ ಮೇಲೆ ಬರೆಯಿರಿ. ಉತ್ಖನನದ ವರದಿಯಲ್ಲಿ ‘ತೊಳೆದದ್ದು / ತೊಳೆಯದ್ದು’ ಎಂಬ ಒಂದು ಅಂಕಣ ಇರಲಿ. ಇವತ್ತು ಪರೀಕ್ಷಿಸಲು ಹಣವಿಲ್ಲದಿದ್ದರೆ ಇಪ್ಪತ್ತು ವರ್ಷದ ನಂತರ ಬರುವವರು ಪರೀಕ್ಷಿಸುತ್ತಾರೆ. ಹಳೆಯ ಸಂಗ್ರಹಗಳಲ್ಲೂ ಬ್ರಷ್ ತಲುಪದ ಬಿರುಕುಗಳಿರುತ್ತವೆ, ಸುಣ್ಣದ ಹೆಪ್ಪು ಬಿಡದ ಕಲ್ಲುಗಳನ್ನು ‘ಕೆಲಸಕ್ಕೆ ಬಾರದ್ದು’ ಎಂದು ಮೂಲೆಗೆ ಹಾಕಿರುತ್ತಾರೆ. ಆ ಮೂಲೆಯ ಪೆಟ್ಟಿಗೆಗಳನ್ನು ದಯವಿಟ್ಟು ಎಸೆಯಬೇಡಿ.

ಈ ವರ್ಷ ನಾನು ಮತ್ತು ರಸಾಯನಶಾಸ್ತ್ರದ ಗೆಳತಿಯೊಬ್ಬಳು ಚರ್ಟ್ ಕಲ್ಲಿನ ಚೂರುಗಳಿಗೆ ಜಾಲಿಯ ಗೋಂದು, ಗೋಂದು ಮತ್ತು ಕಾವಿ, ಅರಗು, ಜೇನುಮೇಣ ಬೇರೆ ಬೇರೆಯಾಗಿ ಹಚ್ಚಿ ತೊಗರಿ ಹೊಲದ ಬದುವಿನಲ್ಲಿ ಒಂದು ಸಾಲು, ಬಂಡೆಯ ಒಣ ನೆರಳಿನಲ್ಲಿ ಇನ್ನೊಂದು ಸಾಲು ಹೂತಿದ್ದೇವೆ. ಹೊಲದ ಯಜಮಾನರು ಇದೇನು ಮಾಟ ಮಂತ್ರವೇ ಎಂದು ಮೊದಲು ಅನುಮಾನಪಟ್ಟರು. ವಿಷಯ ತಿಳಿದ ಮೇಲೆ, ಅರಗಿನದು ಉಳಿಯುತ್ತದೆ, ಗೋಂದಿನದನ್ನು ಇರುವೆ ತಿನ್ನುತ್ತದೆ ಎಂದು ಭವಿಷ್ಯ ಹೇಳಿದ್ದಾರೆ. ಇರುವೆಯ ವಿಷಯ ನಮ್ಮ ಪಟ್ಟಿಯಲ್ಲಿ ಇರಲಿಲ್ಲ, ಸೇರಿಸಿಕೊಂಡಿದ್ದೇವೆ. ಮೊದಲ ಕಂತಿನ ಚೂರುಗಳನ್ನು ಮಳೆಗಾಲ ಮುಗಿದ ಮೇಲೆ ತೆಗೆಯುತ್ತೇವೆ.